ಐದಂಕಿಯ ಮಹಿಮೆ

೨೦೧೦ರ ಜನವರಿಯಲ್ಲಿ ಹೈಟಿ ದೇಶವು ಭೂಕಂಪದಿಂದ ತತ್ತರಿಸಿದಾಗ, ಅಮೆರಿಕದ ಜನರು ‘ಹೈಟಿ’ ಎಂಬ ಒಂದೇ ಪದವನ್ನು ಮೊಬೈಲಿನಿಂದ ೯೦೯೯೯ಕ್ಕೆ ಕಳುಹಿದರು. ಪ್ರತಿ ಸಂದೇಶಕ್ಕೂ ೧೦ ಡಾಲರು ಫೋನಿನ ಬಿಲ್ಲಿಗೆ ಸೇರಿ ರೆಡ್ ಕ್ರಾಸಿಗೆ ಸಂದಿತು; ಒಟ್ಟು ಮೊತ್ತ ೩ ಕೋಟಿ ಡಾಲರನ್ನು ಮೀರಿತು.

ಐದೇ ಅಂಕಿಗಳಿಗೆ ಈ ಬಲವೆಲ್ಲಿಯದು, ನೋಡೋಣ. ನಮ್ಮ ಹತ್ತಂಕಿಯ ಸಂಖ್ಯೆಯ ಹಿಂದೆ ಒಂದು ಫೋನುಂಟು. ಕಿರುಸಂಖ್ಯೆಯ ಹಿಂದಿರುವುದು ಗಣಕಯಂತ್ರ. ಸಂಸ್ಥೆಯೊಂದು ಬಾಡಿಗೆಗೆ ಪಡೆದ ಈ ಸಂಖ್ಯೆಯನ್ನು ಬೇರೆ ಬೇರೆ ದೂರವಾಣಿ ಕಂಪನಿಗಳು ಗುರುತಿಸಿ, ಸಂದೇಶವನ್ನು ಆ ಗಣಕಕ್ಕೆ ಮುಟ್ಟಿಸುತ್ತವೆ. ಗಣಕವು ಮೊದಲ ಪದವನ್ನೋದಿ ತಕ್ಕ ಉತ್ತರವನ್ನು ಕಳುಹುತ್ತದೆ.

ಅಲ್ಲಿ ವ್ಯಾಪಾರಿಗಳು ರಿಯಾಯಿತಿಯ ಸುದ್ದಿಯನ್ನೂ ಬ್ಯಾಂಕುಗಳು ಖಾತೆಯ ಲೆಕ್ಕವನ್ನೂ ಗಿರಾಕಿಗಳಿಗೆ ತಿಳಿಸುವುದು ಇದೇ ಬಗೆಯಲ್ಲಿ. ಬೇಡವಾದವರು ‘ಸ್ಟಾಪ್’ ಎಂದು ಬರೆದು ನಿಲ್ಲಿಸಬಹುದು. ಒಂದು ಪದವೇ ಹಣವನ್ನು ಕೊಡಿಸಬಲ್ಲುದಾದುದರಿಂದ, ಸಂಖ್ಯೆ ಯಾರದೆಂದು ತಿಳಿದ ಮೇಲೆಯೇ ನಾವು ಸಂದೇಶವನ್ನು ಕಳುಹಬೇಕು.