ಕಡಲ ಮೇಲೆ ಕಾಣೆಯಾದ ವಿಮಾನಗಳು

ಕನ್ನಡದ 'ಕಾಣೆ' ಎಂಬ ಮಾತು ಮೂಲತಃ 'ಕಾಣ್' ಧಾತುವಿನ ಉತ್ತಮಪುರುಷ ನಿಷೇಧರೂಪ. 'ನಾನು ಕಾಣುವುದಿಲ್ಲ' ಎಂಬುದು ಅದರ ಅರ್ಥ. ಆದುದರಿಂದ 'ವಿಮಾನ ಕಾಣೆಯಾಯಿತು' ಎಂದಾಗ ಆ ಮಾತು ವಿಮಾನಕ್ಕಿಂತ ಹೆಚ್ಚಾಗಿ ನೋಡುವವನ ದೃಷ್ಟಿಯ ಮಿತಿಯನ್ನೇ ಹೇಳುತ್ತದೆ. ಈ ಸೂಕ್ಷ್ಮವನ್ನು ಮರೆತರೆ ಕಾಣದುದೆಲ್ಲವೂ ಮಾಯೆಯೆನಿಸುತ್ತದೆ. ಕಡಲ ಮೇಲೆ ಕಣ್ಮರೆಯಾದ ಕೆಲವು ವಿಮಾನಗಳ ವೃತ್ತಾಂತದ ಮೂಲಕ ಈ ವಿಷಯವನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

1948ರ ಜನವರಿ 29ರಂದು ಬ್ರಿಟಿಷ್ ಸೌತ್ ಅಮೆರಿಕನ್ ಏರ್‌ವೇಸ್ ಸಂಸ್ಥೆಯ 'ಸ್ಟಾರ್ ಟೈಗರ್' ಎಂಬ ವಿಮಾನವು ಅಟ್ಲಾಂಟಿಕ್ ಸಾಗರದ ಅಜೋರ್ಸ್ ದ್ವೀಪಸಮೂಹದಿಂದ ಬರ್ಮುಡಾಕ್ಕೆ ಹೊರಟಿತು. ಪ್ರಯಾಣಿಕರು, ಸಿಬ್ಬಂದಿ ಸೇರಿ ಅದರಲ್ಲಿದ್ದವರು 31 ಮಂದಿ. ದ್ವಿತೀಯ ಮಹಾಯುದ್ಧದ ಖ್ಯಾತ ವಾಯುಸೇನಾನಿ ಸರ್ ಆರ್ಥರ್ ಕನಿಂಗ್‌ಹ್ಯಾಮ್ ಅವರಲ್ಲೊಬ್ಬರು. 2,000 ಮೈಲಿಗೂ ಮಿಗಿಲಾದ ಜಲರಾಶಿಯನ್ನು ದಾಟಿ, ಚಿಕ್ಕದೊಂದು ದ್ವೀಪವನ್ನು ರಾತ್ರಿಯಲ್ಲಿ ಅರಸಿ ಇಳಿಯಬೇಕಾಗಿದ್ದ ಪಯಣವದು. ಮೇಲ್ಪದರದ ಎದುರುಗಾಳಿ ಪ್ರಬಲವಾಗಿದ್ದ ಕಾರಣ ವಿಮಾನವು ಕೇವಲ 2,000 ಅಡಿ ಎತ್ತರದಲ್ಲಿ ಹಾರುತ್ತಿದ್ದಿತು. ಮರುದಿನ ಗ್ರೀನಿಚ್ ಕಾಲಮಾನ ಬೆಳಗಿನ ಜಾವ 3:15ರ ವೇಳೆಗೆ ಅದು ಬರ್ಮುಡಾದ ರೇಡಿಯೋ ಕೇಂದ್ರದಿಂದ ದಿಕ್ಕನ್ನು ಕೇಳಿ ತಿಳಿದುಕೊಂಡಿತು. ಬಳಿಕ ಅದರಿಂದ ಯಾವ ಸದ್ದೂ ಬರಲಿಲ್ಲ. ಐದು ದಿನಗಳ ಶೋಧದಲ್ಲಿ ಅದರ ಒಂದು ಚೂರೂ ದೊರೆಯಲಿಲ್ಲ. ಲಾರ್ಡ್ ಮ್ಯಾಕ್‌ಮಿಲನ್ ಅವರ ನೇತೃತ್ವದ ವಿಚಾರಣಾ ನ್ಯಾಯಾಲಯವು ಸಾಧ್ಯತೆಗಳನ್ನೆಲ್ಲ ಪರಾಮರ್ಶಿಸಿ, ಕಾರಣವನ್ನು ನಿರ್ಣಯಿಸಲು ಸಾಕಷ್ಟು ಪ್ರಮಾಣವಿಲ್ಲವೆಂದು ನಿಸ್ಸಂಕೋಚವಾಗಿ ಬರೆದಿಟ್ಟಿತು.

ಇದಾದ ವರ್ಷದೊಳಗೆ, 1949ರ ಜನವರಿ 17ರಂದು, ಅದೇ ಸಂಸ್ಥೆಯ 'ಸ್ಟಾರ್ ಏರಿಯಲ್' 20 ಮಂದಿಯೊಡನೆ ಬರ್ಮುಡಾದಿಂದ ಜಮೈಕಾಕ್ಕೆ ಹೋಗುತ್ತಾ ನಿರ್ಮಲವಾದ ಹವೆಯಲ್ಲಿಯೇ ಕಣ್ಮರೆಯಾಯಿತು. ಎರಡೂ 'ಟ್ಯೂಡರ್' ಮಾದರಿಯವು. ಅನಂತರ ಸಂಸ್ಥೆಯು ಆ ಮಾದರಿಯನ್ನು ಪ್ರಯಾಣಿಕರ ಸೇವೆಯಿಂದ ಹಿಂತೆಗೆದುಕೊಂಡಿತು.

ವಿಚಾರಣಾಧಿಕಾರಿಗಳು ಮೌನ ತಾಳಿದ ಎಡೆಯಲ್ಲಿ ಕಥೆಗಾರರು ಬಾಯಿ ತೆರೆದರು. 1964ರಲ್ಲಿ ವಿನ್ಸೆಂಟ್ ಗ್ಯಾಡಿಸ್ ಎಂಬ ಲೇಖಕರು 'ಬರ್ಮುಡಾ ತ್ರಿಕೋಣ'ವೆಂಬ ಹೆಸರನ್ನು ಬಳಕೆಗೆ ತಂದರು. 1974ರಲ್ಲಿ ಚಾರ್ಲ್ಸ್ ಬರ್ಲಿಟ್ಜ್ ಅವರ ಗ್ರಂಥವು ಅದನ್ನು ಜಗದ್ವಿಖ್ಯಾತಗೊಳಿಸಿತು. ಮರುವರ್ಷವೇ ಲ್ಯಾರಿ ಕುಶೆ ಎಂಬ ಅಮೆರಿಕದ ಗ್ರಂಥಪಾಲಕರು ಹಳೆಯ ಪತ್ರಿಕೆಗಳನ್ನೂ ದಾಖಲೆಗಳನ್ನೂ ಮೂಲದಲ್ಲಿಯೇ ಓದಿ, ಆ ಕಥೆಗಳಲ್ಲಿ ಹಲವು ಅತಿಶಯೋಕ್ತಿಯಿಂದ ಕೂಡಿದವೆಂದು ತೋರಿಸಿದರು. ಅಂಥ ಪರಿಶ್ರಮದ ಓದಿಗೆ ಕಥೆಯಷ್ಟು ಪ್ರಚಾರ ದೊರೆಯುವುದಿಲ್ಲವೆಂಬುದು ಬೇರೆ ಮಾತು.

ಹಾಗಾದರೆ ಅಷ್ಟು ದೊಡ್ಡ ವಸ್ತು ಕಾಣದೆ ಹೋಗುವುದಾದರೂ ಹೇಗೆ? ರಡಾರಿನ ಅಲೆಗಳು ಬಹುಮಟ್ಟಿಗೆ ನೇರವಾಗಿ ಸಾಗುತ್ತವೆ, ಭೂಮಿಯಾದರೋ ಗೋಲಾಕಾರದ್ದು. 23,000 ಅಡಿ ಎತ್ತರದ ವಿಮಾನವು ತೀರದ ರಡಾರಿಗೆ ಹೆಚ್ಚೆಂದರೆ ಸುಮಾರು 340 ಕಿಲೋಮೀಟರಿನವರೆಗೆ ಗೋಚರಿಸೀತು; 2,000 ಅಡಿಗೆ ಇಳಿದರೆ ಆ ದೂರ ಸುಮಾರು 100 ಕಿಲೋಮೀಟರಿಗೆ ಕುಗ್ಗುತ್ತದೆ. ಅದರಾಚೆ ವಿಮಾನಕ್ಕೂ ದಡಕ್ಕೂ ಇರುವ ಸಂಬಂಧ ಮುಖ್ಯವಾಗಿ ರೇಡಿಯೋ ಮಾತಿನದು. ಇನ್ನು ನೀರಿಗೆ ಬಿದ್ದ ಅವಶೇಷಗಳಲ್ಲಿ ಭಾರವಾದುವು ಮುಳುಗುತ್ತವೆ, ಹಗುರವಾದುವು ಗಾಳಿ ಮತ್ತು ಪ್ರವಾಹಗಳೊಡನೆ ತೇಲಿಹೋಗುತ್ತವೆ. ಅವು ಗಂಟೆಗೆ ಒಂದು ಕಿಲೋಮೀಟರಿನಂತೆ ಯಾವ ದಿಕ್ಕಿಗಾದರೂ ಸರಿಯಬಹುದೆಂದು ಭಾವಿಸೋಣ. ಹತ್ತು ಗಂಟೆಗಳ ಬಳಿಕ ಹುಡುಕಬೇಕಾದ ವಿಸ್ತಾರ 314 ಚದರ ಕಿಲೋಮೀಟರು; ಇಪ್ಪತ್ತು ಗಂಟೆಗಳ ಬಳಿಕ 1,257. ಕಾಲ ಇಮ್ಮಡಿಯಾದರೆ ಕ್ಷೇತ್ರ ನಾಲ್ಮಡಿಯಾಗುತ್ತದೆ.

ನಮ್ಮ ಪ್ರಾಚೀನ ಮೀಮಾಂಸಕರು 'ಅನುಪಲಬ್ಧಿ'ಯನ್ನು, ಎಂದರೆ ಕಾಣದಿರುವಿಕೆಯನ್ನೂ, ಒಂದು ಪ್ರಮಾಣವೆಂದು ಒಪ್ಪಿದರು. ಆದರೆ ಅದಕ್ಕೆ 'ಯೋಗ್ಯ' ಎಂಬ ವಿಶೇಷಣವನ್ನು ಕಡ್ಡಾಯವಾಗಿ ಸೇರಿಸಿದರು. ಬೆಳಕಿರುವ ಕೋಣೆಯಲ್ಲಿ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲವೆನ್ನಬಹುದು; ಕತ್ತಲೆಯ ಕೋಣೆಯಲ್ಲಿ ಕಾಣದಿದ್ದರೆ ಹಾಗೆನ್ನಲಾಗದು. ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎಂಬ ಪರಿಸ್ಥಿತಿಯಲ್ಲಿ ಮಾತ್ರ ಕಾಣದಿರುವಿಕೆ ಪ್ರಮಾಣವಾಗುತ್ತದೆ. ಮಹಾಸಾಗರವೇ ಆ ಕತ್ತಲೆಯ ಕೋಣೆ.

ಕೋಣೆಗೆ ದೀಪ ತಂದರೆ ಏನಾಗುತ್ತದೆಂಬುದಕ್ಕೆ ನಮ್ಮ ದೇಶದ್ದೇ ನಿದರ್ಶನವಿದೆ. 2016ರ ಜುಲೈ 22ರಂದು ಭಾರತೀಯ ವಾಯುಪಡೆಯ ಎ.ಎನ್.-32 ಸಾಗಾಣಿಕೆ ವಿಮಾನವು ಚೆನ್ನೈ ಸಮೀಪದ ತಾಂಬರಂನಿಂದ ಪೋರ್ಟ್ ಬ್ಲೇರಿಗೆ 29 ಮಂದಿಯನ್ನು ಹೊತ್ತು ಹೊರಟು, ಬಂಗಾಳ ಕೊಲ್ಲಿಯ ಮೇಲೆ ರಡಾರಿನಿಂದ ಮರೆಯಾಯಿತು. ನೌಕಾಪಡೆ, ತೀರರಕ್ಷಣಾ ಪಡೆ, ಸಂಶೋಧನಾ ಹಡಗುಗಳು ದೀರ್ಘಕಾಲ ಶೋಧಿಸಿದುವು, ಏನೂ ದೊರೆಯಲಿಲ್ಲ. ಏಳೂವರೆ ವರ್ಷಗಳ ತರುವಾಯ, 2024ರ ಜನವರಿಯಲ್ಲಿ, ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ ಸ್ವಯಂಚಾಲಿತ ಜಲಾಂತರ್ಗಾಮಿ ಯಂತ್ರವು 3,400 ಮೀಟರು ಆಳದಲ್ಲಿ ವಿಮಾನದ ಅವಶೇಷಗಳನ್ನು ಕಂಡಿತೆಂದು ರಕ್ಷಣಾ ಸಚಿವಾಲಯವು ಪ್ರಕಟಿಸಿತು.

ಅಷ್ಟು ಆಳಕ್ಕೆ ಸೂರ್ಯನ ಬೆಳಕು ತಲುಪದು. ರೇಡಿಯೋ ಅಲೆಗಳನ್ನು ಉಪ್ಪುನೀರು ಹೀರಿಬಿಡುತ್ತದೆ. ಶಬ್ದವಾದರೋ ನೀರಿನಲ್ಲಿ ಸೆಕೆಂಡಿಗೆ ಸುಮಾರು 1,500 ಮೀಟರು ವೇಗದಲ್ಲಿ ಬಹುದೂರ ಸಾಗಬಲ್ಲದು. ಯಂತ್ರವು ಶಬ್ದವನ್ನು ಕಳುಹಿಸಿ, ಪ್ರತಿಧ್ವನಿಯಿಂದ ಕಡಲತಳದ ಚಿತ್ರವನ್ನು ರಚಿಸುತ್ತದೆ, ಇದೇ 'ಸೋನಾರ್'. ಸಂಶಯದ ಆಕೃತಿ ಕಂಡೆಡೆಯಲ್ಲಿ ಹತ್ತಿರಕ್ಕೆ ಸರಿದು ಛಾಯಾಚಿತ್ರ ತೆಗೆಯುತ್ತದೆ. ಚಿತ್ರಗಳು ಎ.ಎನ್.-32 ಮಾದರಿಗೆ ಹೊಂದಿದುವು. ಆ ಪ್ರದೇಶದಲ್ಲಿ ಬೇರಾವ ವಿಮಾನವೂ ಕಾಣೆಯಾದ ದಾಖಲೆಯಿರಲಿಲ್ಲ. ಆದಕಾರಣ ಅದು ಬಹುಶಃ ಅದೇ ವಿಮಾನವೆಂದು ತೀರ್ಮಾನಿಸಲಾಯಿತು. ಉಳಿದ ಸಾಧ್ಯತೆಗಳನ್ನು ಕಳೆದು ಶೇಷವಾದುದನ್ನು ಸ್ವೀಕರಿಸುವ ಈ ಕ್ರಮವನ್ನೇ ನಮ್ಮ ತಾರ್ಕಿಕರು 'ಪರಿಶೇಷಾನುಮಾನ'ವೆಂದು ಕರೆದಿದ್ದಾರೆ. ಪ್ರಕಟಣೆಯಲ್ಲಿ 'ಬಹುಶಃ' ಎಂಬ ಭಾವವನ್ನು ಉಳಿಸಿಕೊಂಡುದು ವಿಜ್ಞಾನಕ್ಕೆ ಭೂಷಣ.

ಇಷ್ಟು ವರ್ಷಗಳ ಮೇಲೆ ಹುಡುಕಿ ಫಲವೇನು ಎಂದು ಕೇಳುವವರುಂಟು. ಏಳು ವರ್ಷ ಸುದ್ದಿಯಿಲ್ಲದವನನ್ನು ಬದುಕಿದ್ದಾನೆನ್ನುವವರೇ ಅದನ್ನು ರುಜುವಾತುಪಡಿಸಬೇಕೆಂಬ ನಿಯಮವು 1872ರ ಸಾಕ್ಷ್ಯ ಕಾಯಿದೆಯಲ್ಲಿದ್ದಿತು; 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಅದು ಮುಂದುವರಿದಿದೆ. ಕಾನೂನಿಗೆ ಆ ಅವಧಿ ಸಾಕು, ತಾಯಿಗೆ ಸಾಲದು. ಉತ್ತರಕ್ರಿಯೆಯನ್ನು ಮಾಡಲೊಲ್ಲದೆ, ಮಾಡದಿರಲೂ ಆಗದೆ, ಬಾಗಿಲ ಸದ್ದಿಗೆ ಕಿವಿಗೊಟ್ಟು ಕುಳಿತ ಮನೆಗೆ ಕಡಲತಳದ ಒಂದು ಛಾಯಾಚಿತ್ರವು ಶೋಕವನ್ನು ತರುವುದಾದರೂ, ಆ ಶೋಕಕ್ಕೊಂದು ನೆಲೆಯನ್ನೂ ಕೊಡುತ್ತದೆ. ಅಂಥವರ ಮುಂದೆ ಮಾಯಾ ತ್ರಿಕೋಣದ ಕಥೆ ಹೇಳುವುದು ವಿನೋದವಲ್ಲ, ನಿಷ್ಕರುಣೆ.

ಅಧ್ಯಾಪಕ ಮಿತ್ರರಲ್ಲಿ ಒಂದು ವಿನಂತಿ. ತರಗತಿಯಲ್ಲಿ ಮಕ್ಕಳು ಬರ್ಮುಡಾದ ರಹಸ್ಯವನ್ನು ಕೇಳಿದಾಗ ಸ್ಟಾರ್ ಟೈಗರಿನ ವಿಚಾರಣಾ ನ್ಯಾಯಾಲಯವನ್ನೂ, ಬಂಗಾಳ ಕೊಲ್ಲಿಯ ತಳದಲ್ಲಿ ಸದ್ದಿನಿಂದ ತಡವಿ ನೋಡಿದ ಯಂತ್ರವನ್ನೂ ಒಟ್ಟಿಗೆ ಹೇಳಬೇಕು. ಮೊದಲನೆಯದು ತಿಳಿಯದುದನ್ನು ತಿಳಿಯದೆಂದು ಒಪ್ಪಿತು. ಎರಡನೆಯದು ಒಪ್ಪಿದ ಮೇಲೆಯೂ ಹುಡುಕುವುದನ್ನು ಬಿಡಲಿಲ್ಲ. ವಿದ್ಯೆಗೆ ಇವೆರಡೂ ಬೇಕು.