ಸೂರ್ಯನು ಹಿಂದಿರುಗುವ ಗೆರೆ

ನಡುಮಧ್ಯಾಹ್ನಕ್ಕೆ ಸೂರ್ಯನು ನೆತ್ತಿಯ ಮೇಲೆ ಬರುತ್ತಾನೆಂದು ಊರಿನಲ್ಲಿ ಕಲಿತವರು ನಾವು. ನಾನು ಮಗಳಿಗೂ ಅದನ್ನೇ ಹೇಳಿಕೊಟ್ಟಿದ್ದೆ. ಅವಳು ಹುಟ್ಟಿ ಬೆಳೆದದ್ದು ದಿಲ್ಲಿಯಲ್ಲಿ. ಕಳೆದ ಜೂನ್ 21ರಂದು ಒಂದು ಮೀಟರಿನ ಕೋಲನ್ನು ತಾರಸಿಯ ಮೇಲೆ ನೆಟ್ಟಗೆ ನಿಲ್ಲಿಸಿ ನನ್ನನ್ನು ಕೂಗಿದಳು. ಇಲ್ಲಿ ಅಂದಿನ ನಿಜವಾದ ಮಧ್ಯಾಹ್ನ ಗಡಿಯಾರದ 12 ಗಂಟೆ 23 ನಿಮಿಷಕ್ಕೆ. ವರ್ಷದಲ್ಲೇ ಅತಿ ಗಿಡ್ಡ ನೆರಳು ಅದು. ಆದರೂ ಒಂಬತ್ತು ಸೆಂಟಿಮೀಟರು ಉತ್ತರಕ್ಕೆ ಚಾಚಿತ್ತು. “ನೆತ್ತಿಯ ಮೇಲೆ ಎಲ್ಲಿ ಬಂದ, ಅಪ್ಪಾ?” ಎಂದಳು. ನನಗೆ ಉತ್ತರ ತೋಚಲಿಲ್ಲ.

ಪುಸ್ತಕ ತೆಗೆದು ನೋಡಿದ ಮೇಲೆ ತಿಳಿಯಿತು: ದಿಲ್ಲಿಯ ನೆತ್ತಿಗೆ ಸೂರ್ಯನು ಎಂದೂ ಬರುವುದಿಲ್ಲ. ಭೂಮಿಯ ಅಕ್ಷ ಸುಮಾರು ಇಪ್ಪತ್ತಮೂರೂವರೆ ಅಂಶ ವಾಲಿರುವುದರಿಂದ, ಅವನ ನೇರ ಕಿರಣಗಳು ಭೂಮಧ್ಯರೇಖೆಯ ಎರಡು ಕಡೆಗೂ ಅಷ್ಟೇ ಅಂಶ ಹೋಗಿ ಹಿಂದಿರುಗುತ್ತವೆ. ಹಿಂದಿರುಗುವ ಗೆರೆಗಳೇ ಉತ್ತರದಲ್ಲಿ ಕರ್ಕಾಟಕ ಸಂಕ್ರಾಂತಿ ವೃತ್ತ, ದಕ್ಷಿಣದಲ್ಲಿ ಮಕರ ಸಂಕ್ರಾಂತಿ ವೃತ್ತ. ‘ಟ್ರಾಪಿಕ್’ ಶಬ್ದಕ್ಕೆ ಮೂಲವಾದ ಗ್ರೀಕ್ ಪದಕ್ಕೂ ‘ತಿರುವು’ ಎಂದೇ ಅರ್ಥ. ಸೆಕೆಯೊಡನೆ ಅದರ ನಂಟು ಆಮೇಲಿನದು. ದಿಲ್ಲಿ ಈ ಗೆರೆಗಿಂತ ಐದು ಅಂಶ ಉತ್ತರಕ್ಕಿದೆ. ಊರಿಗೆ ಹೊರಟ ನಮ್ಮ ಗಾಡಿ ಸಾಂಚಿ ಬಿಟ್ಟು ಭೋಪಾಲ ಮುಟ್ಟುವುದರೊಳಗೆ ಅದನ್ನು ಹಾಯುತ್ತದೆ. ಅಲ್ಲಿಂದ ದಕ್ಷಿಣದ ನಮ್ಮ ಊರುಗಳಿಗೆಲ್ಲ ವರ್ಷಕ್ಕೆ ಎರಡು ದಿನ ಸೂರ್ಯನು ನೆತ್ತಿಗೇರುತ್ತಾನೆ: ಬೆಂಗಳೂರು, ಚೆನ್ನೈಗಳಲ್ಲಿ ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ, ಮುಂಬಯಿಯಲ್ಲಿ ಮೇ ನಡುವೆ ಮತ್ತು ಜುಲೈ ಕೊನೆಗೆ. ಆ ಗಳಿಗೆಯಲ್ಲಿ ನೆಟ್ಟ ಕೋಲಿಗೆ ನೆರಳೇ ಇಲ್ಲ.

ಅವಳು ಇಷ್ಟಕ್ಕೆ ಬಿಡಲಿಲ್ಲ. ಮಕರ ವೃತ್ತದಿಂದ ಸೂರ್ಯನು ತಿರುಗುವುದು ಡಿಸೆಂಬರ್ 21-22ಕ್ಕಾದರೆ ನಾವು ಎಳ್ಳು ಬೀರುವುದು ಜನವರಿ 14-15ಕ್ಕೆ ಏಕೆ? ಪ್ರಶ್ನೆ ಒಳ್ಳೆಯದೇ. ಬುಗುರಿ ಸುತ್ತುತ್ತಲೇ ತಲೆ ತೂಗುವಂತೆ ಭೂಮಿಯ ಅಕ್ಷವೂ ಸುಮಾರು 26,000 ವರ್ಷಗಳಿಗೊಂದು ಸುತ್ತು ತೂಗುತ್ತದೆ. ಅದರಿಂದ ತಿರುವಿನ ಸ್ಥಾನ ನಕ್ಷತ್ರಗಳ ನಡುವೆ 72 ವರ್ಷಕ್ಕೆ ಒಂದಂಶದಂತೆ ಹಿಂದೆ ಸರಿಯುತ್ತದೆ. ಸುಮಾರು 1,700 ವರ್ಷಗಳ ಹಿಂದೆ ಸೂರ್ಯನು ಮಕರ ರಾಶಿಯನ್ನು ಹೊಗುವುದೂ ಉತ್ತರಕ್ಕೆ ತಿರುಗುವುದೂ ಒಂದೇ ದಿನವಾಗಿದ್ದವು. ಈಗ ತಿರುಗುವ ದಿನ ಅವನು ಇನ್ನೂ ಧನುವಿನಲ್ಲಿರುತ್ತಾನೆ. ಪಂಚಾಂಗವು ನಕ್ಷತ್ರದ ಲೆಕ್ಕವನ್ನು ಬಿಟ್ಟಿಲ್ಲ, ಭೂಪಟವು ಹಳೆಯ ಹೆಸರನ್ನು ಬಿಟ್ಟಿಲ್ಲ. ಊರಿನಲ್ಲಿರುವ ನಮ್ಮ ತಾಯಿಯವರಿಗೆ ಫೋನಿನಲ್ಲಿ ಇದನ್ನೆಲ್ಲ ವಿವರಿಸಿದೆ. “ಆಗಲಪ್ಪ, ಎಳ್ಳು ಬೀರೋ ದಿನ ಮಾತ್ರ ಬದಲಾಯಿಸಬೇಡ” ಎಂದರು.

ಬರುವ ಏಪ್ರಿಲ್ 24ಕ್ಕೆ ಕೋಲು ಹಿಡಿದು ಬೆಂಗಳೂರಿಗೆ ಹೋಗಲೇಬೇಕೆಂದು ಈಗ ಮಗಳ ಹಟ. ರಜೆಯ ಅರ್ಜಿಯಲ್ಲಿ ಕಾರಣವೆಂದು ಏನು ಬರೆಯಲಿ ಎಂಬುದೇ ನನ್ನ ಯೋಚನೆ.