ಪೆನ್ಸಿಲ್ ಹಿಡಿದು ನಿಂತ ಮತದಾರ

ಬ್ರಿಟನ್ನಿನ ಮತಗಟ್ಟೆಯಲ್ಲಿ ಮತಯಂತ್ರ ಇರುವುದಿಲ್ಲ. ಶಾಲೆಯ ಸಭಾಂಗಣವೋ ಚರ್ಚಿನ ಪಕ್ಕದ ಕೋಣೆಯೋ ಮತಗಟ್ಟೆಯಾಗುತ್ತದೆ. ಒಳಗೆ ತೆಳು ಹಲಗೆಯ ಮರೆ, ಮರೆಯಲ್ಲಿ ದಾರಕ್ಕೆ ಕಟ್ಟಿದ ಗಿಡ್ಡ ಪೆನ್ಸಿಲ್ಲು. ಗುರುವಾರ ಬೆಳಿಗ್ಗೆ 7ಕ್ಕೆ ತೆರೆದ ಬಾಗಿಲು ರಾತ್ರಿ 10ರ ತನಕ ಮುಚ್ಚುವುದಿಲ್ಲ. ಮತದಾರ ಬಂದು, ಬೇಕಾದ ಹೆಸರಿನ ಎದುರು ಗುಣಾಕಾರದ ಗುರುತು ಹಾಕಿ, ಚೀಟಿ ಮಡಚಿ ಪೆಟ್ಟಿಗೆಗೆ ಹಾಕಿ ಹೊರಡುತ್ತಾನೆ. ಬೆರಳಿಗೆ ಶಾಯಿ ಹಚ್ಚುವ ಪದ್ಧತಿಯಿಲ್ಲ. ಇಂಗ್ಲೆಂಡಿನಲ್ಲಿ 2023ರ ಮೇ ತನಕ ಫೋಟೋ ಇರುವ ಗುರುತಿನ ಚೀಟಿಯನ್ನೂ ಕೇಳುತ್ತಿರಲಿಲ್ಲ.

2022ರ ಮೇ 5ರಂದು ವೇಲ್ಸ್‌ನಲ್ಲಿ ಕೌನ್ಸಿಲ್ ಚುನಾವಣೆ ನಡೆಯಿತು. ವಾಯವ್ಯ ಮೂಲೆಯ ಗ್ವಿನೆಡ್ ಕೌಂಟಿಯ ಸಾವಿರಾರು ಜನರಿಗೆ ಅಂದು ಕೌಂಟಿ ಕೌನ್ಸಿಲ್‌ಗಾಗಿ ಆ ಪೆನ್ಸಿಲ್ ಹಿಡಿಯುವ ಸಂದರ್ಭವೇ ಬರಲಿಲ್ಲ. 69 ಸ್ಥಾನಗಳ ಪೈಕಿ 28ರಲ್ಲಿ ಒಬ್ಬೊಬ್ಬರೇ ನಾಮಪತ್ರ ಸಲ್ಲಿಸಿದ್ದರು. ಎದುರಾಳಿ ಇಲ್ಲದಿದ್ದರೆ ಮತದಾನವೂ ಇಲ್ಲ. ಫಲಕಕ್ಕೆ ಒಂದು ಸೂಚನಾಪತ್ರ ಅಂಟಿಸಿದರೆ ಮುಗಿಯಿತು, ಅವಿರೋಧ ಆಯ್ಕೆ. ಇಡೀ ವೇಲ್ಸ್‌ನಲ್ಲಿ ಆ ವರ್ಷ ಹೀಗೆ ತುಂಬಿದ ಸ್ಥಾನಗಳು 74. ಐದು ವರ್ಷ ತಮ್ಮ ಮನೆ ತೆರಿಗೆಯನ್ನು, ಮಕ್ಕಳ ಶಾಲೆಯನ್ನು, ಮುದುಕರ ಆರೈಕೆಯನ್ನು ನಿರ್ಧರಿಸುವವರು ಯಾರೆಂದು ಅಲ್ಲಿನ ಜನರನ್ನು ಯಾರೂ ಕೇಳಲಿಲ್ಲ.

ಸ್ಥಳೀಯ ಚುನಾವಣೆಗೆ ಜನ ಬರುವುದಿಲ್ಲ ಎಂಬ ದೂರು ಬ್ರಿಟನ್ನಿನಲ್ಲಿ ಹಳೆಯದು. ಇಂಗ್ಲೆಂಡಿನಲ್ಲಿ ಮೂವರಲ್ಲಿ ಒಬ್ಬರು ಮತ ಹಾಕಿದರೆ ಅದೇ ದೊಡ್ಡದು. ಇದನ್ನು ಜನರ ಸೋಮಾರಿತನ ಎಂದು ತಳ್ಳಿಹಾಕುವವರ ಮಾತನ್ನು ನಾನು ಒಪ್ಪುವುದಿಲ್ಲ. ಮತದಾರ ಮನೆಯಿಂದ ಹೊರಡುವ ಮೊದಲೇ ಅವನ ಆಯ್ಕೆ ಕರಗಿರುತ್ತದೆ. ಅದು ಎಲ್ಲೆಲ್ಲಿ ಕರಗುತ್ತದೆ ಎಂದು ನೋಡಿದರೆ ಅವನ ಸಿಟ್ಟು ಅರ್ಥವಾಗುತ್ತದೆ.

ಕಾನೂನು ಅಭ್ಯರ್ಥಿಗಳಿಗೆ ಅಡ್ಡ ನಿಂತಿಲ್ಲ. ಪಾರ್ಲಿಮೆಂಟಿಗೆ ಸ್ಪರ್ಧಿಸಲು 500 ಪೌಂಡ್ ಠೇವಣಿ ಕಟ್ಟಬೇಕು, ಕೌನ್ಸಿಲ್‌ಗೆ ಬಿಡಿಗಾಸೂ ಬೇಡ. ಇಂಗ್ಲೆಂಡಿನಲ್ಲಿ ಹಿಂದೆ ನಾಮಪತ್ರಕ್ಕೆ 10 ಮತದಾರರ ಸಹಿ ಬೇಕಿತ್ತು, ಕೋವಿಡ್ ಬಂದ ಮೇಲೆ ಅದು ಎರಡಕ್ಕೆ ಇಳಿದಿದೆ. ಆದರೂ ಜನ ಮುಂದೆ ಬರುವುದಿಲ್ಲ. ಕೌನ್ಸಿಲರ್‌ಗೆ ಸಂಬಳವಿಲ್ಲ, ಸಿಗುವುದು ಭತ್ಯೆ ಮಾತ್ರ. ಇಂಗ್ಲೆಂಡಿನಲ್ಲಿ ಇದ್ದ ಪಿಂಚಣಿ ಸೌಲಭ್ಯವನ್ನೂ 2014ರಲ್ಲಿ ನಿಲ್ಲಿಸಿದರು. ಸಭೆಗಳು ಎಷ್ಟೋ ಕಡೆ ಸಂಜೆ ಶುರುವಾಗುತ್ತವೆ. ಹಗಲಿಡೀ ದುಡಿದು ಬಂದ ತಾಯಿಯೊಬ್ಬಳು ಮಕ್ಕಳನ್ನು ಯಾರ ಬಳಿ ಬಿಟ್ಟು ಹೋಗಬೇಕು? ಇದರ ಮೇಲೆ ಫೇಸ್‌ಬುಕ್ಕಿನ ಬೈಗುಳ ಬೇರೆ. 2016ರಲ್ಲಿ ಜೋ ಕಾಕ್ಸ್, 2021ರಲ್ಲಿ ಡೇವಿಡ್ ಅಮೆಸ್, ಇಬ್ಬರು ಸಂಸದರನ್ನು ಅವರವರ ಕ್ಷೇತ್ರದಲ್ಲೇ ಕೊಂದರು. ಆಮೇಲೆ ರಾಜಕೀಯಕ್ಕೆ ಇಳಿಯುತ್ತೇನೆ ಎಂದರೆ ಮನೆಯವರು ಹೆದರುವುದು ಸಹಜ.

ಪಕ್ಷಗಳಿಗೂ ಜನ ಸಿಗುವುದಿಲ್ಲ. ಆಗ ಅವು ಮೊರೆ ಹೋಗುವುದು ಅಲ್ಲಿನವರೇ 'ಕಾಗದದ ಅಭ್ಯರ್ಥಿ' ಎಂದು ಕರೆಯುವವರಿಗೆ. ಹೆಸರು ಚೀಟಿಯಲ್ಲಿರುತ್ತದೆ, ಮನುಷ್ಯ ಬೀದಿಯಲ್ಲಿ ಕಾಣುವುದಿಲ್ಲ. 'ನೀವು ಹೆಸರು ಕೊಡಿ ಸಾಕು, ಕೆಲಸವೇನೂ ಇಲ್ಲ' ಎಂದು ಪಕ್ಷದ ಸದಸ್ಯರನ್ನೇ ಒಪ್ಪಿಸಿರುತ್ತಾರೆ. ಹೀಗಾಗಿ ಚೀಟಿಯಲ್ಲಿ ನಾಲ್ಕು ಹೆಸರಿದ್ದರೂ ಮನೆಬಾಗಿಲು ತಟ್ಟಿದವರು ಒಬ್ಬರೋ ಇಬ್ಬರೋ ಆಗಿರುತ್ತಾರೆ.

ಇನ್ನು ನಗರಗಳ ಕಥೆ. ಆಗ್ನೇಯ ಲಂಡನ್ನಿನ ಲೂಯಿಷಮ್ ಕೌನ್ಸಿಲ್‌ನ ಸ್ಥಾನಗಳು 54. 2018ರಲ್ಲಿ 54ನ್ನೂ ಲೇಬರ್ ಪಕ್ಷ ಗೆದ್ದಿತು, 2022ರಲ್ಲೂ 54ನ್ನೂ ಗೆದ್ದಿತು. ಅಲ್ಲಿನ ಎಲ್ಲರೂ ಲೇಬರ್ ಪಕ್ಷದವರೇನಲ್ಲ. 2022ರಲ್ಲಿ ಆ ಪಕ್ಷಕ್ಕೆ ಬಿದ್ದದ್ದು ಹೆಚ್ಚುಕಡಿಮೆ ಅರ್ಧದಷ್ಟು ಮತ. ಗ್ರೀನ್, ಕನ್ಸರ್ವೇಟಿವ್, ಲಿಬರಲ್ ಡೆಮಾಕ್ರಾಟ್ ಎಂದು ಹಂಚಿಹೋದ ಉಳಿದ ಮತಗಳಿಗೆ ಒಂದೂ ಕುರ್ಚಿ ಸಿಗಲಿಲ್ಲ.

ಇದು ಆಗುವ ಬಗೆ ಸರಳ. ಲಂಡನ್ನಿನ ಬಹುಪಾಲು ವಾರ್ಡುಗಳಲ್ಲಿ ಮೂರು ಸ್ಥಾನ, ಮತದಾರನಿಗೆ ಮೂರು ಗುರುತು. ಹೆಚ್ಚಿನವರು ಮೂರನ್ನೂ ಒಂದೇ ಪಕ್ಷಕ್ಕೆ ಹಾಕುತ್ತಾರೆ. ನೂರು ಮತದಾರರಲ್ಲಿ 40 ಮಂದಿ ಒಂದು ಪಕ್ಷಕ್ಕೆ, 30 ಇನ್ನೊಂದಕ್ಕೆ, ಇನ್ನೂ 30 ಮತ್ತೊಂದಕ್ಕೆ ಹಾಕಿದರು ಎನ್ನಿ. ನಲವತ್ತರ ಪಕ್ಷ ಮೂರು ಸ್ಥಾನವನ್ನೂ ಬಾಚಿಕೊಳ್ಳುತ್ತದೆ, ಅರವತ್ತು ಜನ ಬರಿಗೈಲಿ ಮನೆಗೆ ಹೋಗುತ್ತಾರೆ. ವಾರ್ಡಿನಿಂದ ವಾರ್ಡಿಗೆ ಇದೇ ಲೆಕ್ಕ ಮುಂದುವರಿದರೆ ಸಭೆಯಲ್ಲಿ ವಿರೋಧ ಪಕ್ಷವೇ ಉಳಿಯುವುದಿಲ್ಲ.

ಉಳಿಯದಿದ್ದರೆ ಏನಾಗುತ್ತದೆ? 2000ದ ಕಾನೂನಿನ ನಂತರ ಇಂಗ್ಲೆಂಡಿನ ಬಹುತೇಕ ಕೌನ್ಸಿಲ್‌ಗಳು ಒಬ್ಬ ನಾಯಕ, ಒಂದು ಪುಟ್ಟ ಸಂಪುಟ ಎಂಬ ಮಾದರಿಯಲ್ಲಿ ನಡೆಯುತ್ತಿವೆ. ಸಂಪುಟದ ತೀರ್ಮಾನಗಳನ್ನು ಉಳಿದ ಸದಸ್ಯರ ಪರಿಶೀಲನಾ ಸಮಿತಿ ಪ್ರಶ್ನಿಸಬೇಕು. ಎಲ್ಲರೂ ಒಂದೇ ಪಕ್ಷದವರಾದಾಗ ನಾಳೆ ತನಗೆ ಟಿಕೆಟ್ ಕೊಡುವ ನಾಯಕನನ್ನು ಇಂದು ನಿಷ್ಠುರವಾಗಿ ಕೇಳುವವರು ಯಾರು? ಮ್ಯಾಂಚೆಸ್ಟರಿನಲ್ಲಿ 2014ರಿಂದ ಎರಡು ವರ್ಷ ವಿರೋಧ ಪಕ್ಷದ ಒಬ್ಬ ಸದಸ್ಯನೂ ಇರಲಿಲ್ಲ. 2016ರಲ್ಲಿ ಮಾಜಿ ಸಂಸದ ಜಾನ್ ಲೀಚ್ ಲಿಬರಲ್ ಡೆಮಾಕ್ರಾಟ್ ಆಗಿ ಗೆದ್ದು ಬಂದರು. ಆ ಕಡೆ ಲೇಬರ್ ಪಕ್ಷದ 95 ಜನ, ಈ ಕಡೆ ಅವರೊಬ್ಬರೇ. ಸಭೆಯಲ್ಲಿ ಒಂದು ಬೇರೆ ದನಿ ಕೇಳಿಸಲು ಅಷ್ಟು ದೊಡ್ಡ ನಗರ ಎರಡು ವರ್ಷ ಕಾಯಬೇಕಾಯಿತು.

ಇದು ಒಂದೇ ಪಕ್ಷಕ್ಕೆ ಒಲಿದ ಭಾಗ್ಯವಲ್ಲ. ಕೆಂಟ್ ಕೌಂಟಿಯಲ್ಲಿ 2021ರಲ್ಲಿ ಕನ್ಸರ್ವೇಟಿವರು 81ರಲ್ಲಿ 62 ಸ್ಥಾನ ಪಡೆದಿದ್ದರು. 2025ರ ಮೇ ತಿಂಗಳಲ್ಲಿ ಅಲ್ಲೇ ರಿಫಾರ್ಮ್ ಯುಕೆ ಪಕ್ಷ 57 ಸ್ಥಾನ ಗೆದ್ದಿತು, ಕನ್ಸರ್ವೇಟಿವರು ಐದಕ್ಕೆ ಕುಸಿದರು. ಗೆದ್ದ ಪಕ್ಷದ ಮತಪ್ರಮಾಣ ನೂರಕ್ಕೆ 40ನ್ನು ಮುಟ್ಟಿರಲಿಲ್ಲ. ಒಮ್ಮೆ ಎಲ್ಲ ಇವರಿಗೆ, ಇನ್ನೊಮ್ಮೆ ಎಲ್ಲ ಅವರಿಗೆ.

ಇಂಥ ಲೆಕ್ಕದಲ್ಲಿ ಮತದಾರ ತನಗೆ ಇಷ್ಟವಾದವರಿಗೆ ಮತ ಹಾಕುವುದನ್ನು ಬಿಟ್ಟು, ಬೇಡದವರನ್ನು ಸೋಲಿಸಲು ಹಾಕುತ್ತಾನೆ. ಪಕ್ಷಗಳಿಗೆ ಇದು ಚೆನ್ನಾಗಿ ಗೊತ್ತು. ಚುನಾವಣೆ ಹತ್ತಿರ ಬಂದಂತೆ ಬಾಗಿಲ ಸೀಳಿನಿಂದ ಒಳಬೀಳುವ ಕರಪತ್ರಗಳಲ್ಲಿ ಒಂದು ಕಂಬಗಳ ಚಿತ್ರ ಇದ್ದೇ ಇರುತ್ತದೆ. ಎರಡು ಕಂಬ ಎತ್ತರಕ್ಕೆ, ಮೂರನೆಯದು ಕುಳ್ಳಗೆ, ಅದರ ಮೇಲೆ 'ಇವರು ಇಲ್ಲಿ ಗೆಲ್ಲಲಾರರು' ಎಂಬ ದಪ್ಪ ಅಕ್ಷರ. ಕಂಬದ ಎತ್ತರಕ್ಕೂ ನಿಜವಾದ ಮತಗಳಿಗೂ ಹಲವು ಸಲ ತಾಳೆಯಾಗುವುದಿಲ್ಲ. ಆ ಹಾಳೆ ನಮ್ಮವರು ಏನು ಮಾಡುತ್ತಾರೆಂದು ಹೇಳುವುದಕ್ಕಿಂತ ನಿನ್ನ ಮೆಚ್ಚಿನವರನ್ನು ಮರೆತುಬಿಡು ಎಂದೇ ಹೆಚ್ಚು ಹೇಳುತ್ತದೆ. ವರ್ಷವಿಡೀ ಆ ಬೀದಿಗೆ ಬಂದ ರಾಜಕೀಯದ ಮಾತು ಅದೊಂದೇ ಆಗಿದ್ದರೆ ಓದಿದವನ ಮನಸ್ಸು ಮುರಿಯದೆ ಇರುತ್ತದೆಯೇ?

ಗೆದ್ದವರ ಕೈಯಲ್ಲಾದರೂ ಅಧಿಕಾರ ಇದೆಯೇ ಎಂದರೆ, ಅದೂ ಅಷ್ಟಕ್ಕಷ್ಟೆ. 1993ರಲ್ಲಿ ಬಂದ ಕೌನ್ಸಿಲ್ ತೆರಿಗೆ ಇಂಗ್ಲೆಂಡಿನಲ್ಲಿ ಇಂದಿಗೂ 1991ರ ಮನೆ ಬೆಲೆಯ ಮೇಲೆ ನಿಂತಿದೆ. ದೊಡ್ಡ ಕೌನ್ಸಿಲ್‌ಗಳು ಅದನ್ನು ವರ್ಷಕ್ಕೆ ನೂರಕ್ಕೆ 5 ಅಥವಾ ಅದಕ್ಕಿಂತ ಹೆಚ್ಚು ಏರಿಸಬೇಕಾದರೆ ಜನಮತಗಣನೆ ನಡೆಸಬೇಕು, ಇಲ್ಲವೇ ಕೇಂದ್ರ ಸರ್ಕಾರದ ವಿಶೇಷ ಒಪ್ಪಿಗೆ ಪಡೆಯಬೇಕು. 2010ರ ನಂತರ ಕೇಂದ್ರದ ಅನುದಾನ ತೀವ್ರವಾಗಿ ಕಡಿತಗೊಂಡಿತು. ಇದ್ದ ಹಣದ ಬಹುಭಾಗ ಕಾನೂನು ಕಡ್ಡಾಯ ಮಾಡಿರುವ ವೃದ್ಧರ ಮತ್ತು ಮಕ್ಕಳ ಆರೈಕೆಗೇ ಹೋಗುತ್ತದೆ. ಗ್ರಂಥಾಲಯ, ಉದ್ಯಾನ, ರಸ್ತೆಗುಂಡಿಗಳ ಪಾಲಿಗೆ ಬರುವುದು ತಟ್ಟೆಯಲ್ಲಿ ಉಳಿದದ್ದು.

ಬರ್ಮಿಂಗ್‌ಹ್ಯಾಮ್ ನಗರ 2023ರ ಸೆಪ್ಟೆಂಬರಿನಲ್ಲಿ ತನ್ನ ಲೆಕ್ಕ ಕೂಡಿಬರುವುದಿಲ್ಲ ಎಂದು ಅಧಿಕೃತವಾಗಿ ಘೋಷಿಸಿತು. ಮಹಿಳಾ ನೌಕರರಿಗೆ ಸಮಾನ ವೇತನದ ಬಾಕಿ, ಕೈಕೊಟ್ಟ ಕಂಪ್ಯೂಟರ್ ವ್ಯವಸ್ಥೆ, ಕುಗ್ಗಿದ ಅನುದಾನ ಎಲ್ಲ ಒಟ್ಟಿಗೆ ತಲೆಯ ಮೇಲೆ ಬಿದ್ದಿದ್ದವು. ಕೇಂದ್ರ ಸರ್ಕಾರ ಕಮಿಷನರ್‌ಗಳನ್ನು ಕಳಿಸಿತು. ಅವರು ಯಾರ ಮತದಿಂದಲೂ ಬಂದವರಲ್ಲ. ಮರುವರ್ಷ ತೆರಿಗೆ ನೂರಕ್ಕೆ 10ರಷ್ಟು ಏರಿತು. 2025ರ ಮಾರ್ಚಿನಲ್ಲಿ ಕಸದ ಕಾರ್ಮಿಕರು ಪೂರ್ಣ ಮುಷ್ಕರ ಹೂಡಿದಾಗ ಬೀದಿಗಳಲ್ಲಿ ಕಪ್ಪು ಚೀಲಗಳು ಗುಡ್ಡೆಬಿದ್ದವು, ಇಲಿಗಳು ಮೆರೆದವು. ಹೆಚ್ಚು ತೆರಿಗೆ ಕಟ್ಟಿ ಮನೆಮುಂದೆ ಕಸ ನೋಡುವವನಿಗೆ, ಮುಂದಿನ ಸಲ ಬೇರೆಯವರಿಗೆ ಮತ ಹಾಕು ಎಂದರೆ ಅವನು ಯಾವ ಧೈರ್ಯದಿಂದ ಹಾಕಿಯಾನು?

ಸಿಟ್ಟು ತೋರಿಸಲೂ ದಾರಿಗಳು ಕಡಿಮೆ. ಸುಲಭದ ದಾರಿ ಮನೆಯಲ್ಲೇ ಕೂರುವುದು. 2012ರ ನವೆಂಬರಿನಲ್ಲಿ ಪೊಲೀಸರ ಮೇಲ್ವಿಚಾರಣೆ ನೋಡುವ ಕಮಿಷನರ್ ಹುದ್ದೆಗಳಿಗೆ ಮೊದಲ ಬಾರಿಗೆ ಚುನಾವಣೆ ನಡೆದಾಗ ವೇಲ್ಸ್‌ನ ನ್ಯೂಪೋರ್ಟ್ ನಗರದ ಬೆಟ್ಟಸ್ ಬಡಾವಣೆಯ ಒಂದು ಮತಗಟ್ಟೆಗೆ ಬೆಳಗಿನಿಂದ ರಾತ್ರಿಯವರೆಗೆ ಒಬ್ಬ ಮತದಾರನೂ ಬರಲಿಲ್ಲ. ಸಿಬ್ಬಂದಿ ಹದಿನೈದು ಗಂಟೆ ಖಾಲಿ ಪೆಟ್ಟಿಗೆ ಕಾದರು. ಇನ್ನೊಂದು ದಾರಿ, ಮತಗಟ್ಟೆಗೆ ಹೋಗಿ ಚೀಟಿಯನ್ನು ಬೇಕೆಂದೇ ಕೆಡಿಸುವುದು. ಎಷ್ಟೋ ಮಂದಿ ಚೀಟಿಗೆ ಅಡ್ಡಲಾಗಿ 'ಇವರಲ್ಲಿ ಯಾರೂ ಬೇಡ' ಎಂದು ಬರೆಯುತ್ತಾರೆ. ಎಣಿಕೆಯ ಕೊನೆಯಲ್ಲಿ ಅದು ಅಸಿಂಧು ಮತಗಳ ಸಾಲಿಗೆ ಸೇರುತ್ತದೆ. ಕೈತಪ್ಪಿ ಗುರುತು ಹಾಕಿದವನೂ, ಕಣ್ತೆರೆದು ತಿರಸ್ಕರಿಸಿದವನೂ ಅಲ್ಲಿ ಒಂದೇ.

ಈ ಮಾತು ಅಲ್ಲಿರುವ ಕನ್ನಡಿಗರಿಗೂ ಸಂಬಂಧಿಸಿದ್ದು. ಕಾಮನ್‌ವೆಲ್ತ್ ದೇಶಗಳ ಪ್ರಜೆಗಳು ಬ್ರಿಟನ್ನಿನಲ್ಲಿ ಕಾನೂನುಬದ್ಧವಾಗಿ ವಾಸಿಸುತ್ತಿದ್ದರೆ ಅಲ್ಲಿ ಮತ ಹಾಕಬಹುದು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ರೆಡಿಂಗ್‌ನಲ್ಲೋ ಹೌನ್ಸ್ಲೋನಲ್ಲೋ ಕೌನ್ಸಿಲರ್‌ನನ್ನು ಆರಿಸಬಹುದು. ನಮ್ಮ ಸುಪ್ರೀಂ ಕೋರ್ಟು 2013ರಲ್ಲಿ ಕೊಡಿಸಿದ ನೋಟಾ ಗುಂಡಿ ಕಂಡು ಹೋದವರಿಗೆ ಅಲ್ಲಿನ ಚೀಟಿಯಲ್ಲಿ ಆ ಸಾಲು ಕಾಣುವುದಿಲ್ಲ. ಥೇಮ್ಸ್ ನದಿಯ ದಂಡೆಯಲ್ಲಿ, ಪಾರ್ಲಿಮೆಂಟಿನ ಆಚೆ ಬದಿಗೆ, 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವಣ್ಣನವರ ಪ್ರತಿಮೆ ಇದೆ. ಅದಕ್ಕಾಗಿ ಓಡಾಡಿದ ಕಲಬುರಗಿ ಮೂಲದ ಡಾ. ನೀರಜ್ ಪಾಟೀಲ್ ಲಂಡನ್ನಿನ ಲ್ಯಾಂಬೆತ್ ಕೌನ್ಸಿಲ್‌ನಲ್ಲಿ ಲೇಬರ್ ಸದಸ್ಯರಾಗಿದ್ದರು, 2010ರಲ್ಲಿ ಮೇಯರ್ ಆದರು. ಅನುಭವ ಮಂಟಪದಲ್ಲಿ ಎಲ್ಲರ ಮಾತಿಗೂ ಜಾಗವಿತ್ತು ಎಂಬ ನೆನಪಿಗೆ ನಿಂತ ಪ್ರತಿಮೆ ಅದು. ಅದೇ ಲ್ಯಾಂಬೆತ್‌ನಲ್ಲಿ 2022ರಲ್ಲಿ 63 ಸ್ಥಾನಗಳ ಪೈಕಿ 58 ಒಂದೇ ಪಕ್ಷಕ್ಕೆ ಹೋದವು.

ಕೆಲವು ಊರಿನವರು ಕೈಕಟ್ಟಿ ಕೂರಲಿಲ್ಲ. ಸಾಮರ್ಸೆಟ್‌ನ ಫ್ರೂಮ್ ಎಂಬ ಪಟ್ಟಣದಲ್ಲಿ ಪಕ್ಷಗಳ ಸಹವಾಸವೇ ಬೇಡವೆಂದ ಕೆಲವರು 2011ರಲ್ಲಿ ಪಕ್ಷೇತರರ ಒಂದು ಗುಂಪು ಕಟ್ಟಿದರು. ಪಟ್ಟಣ ಕೌನ್ಸಿಲ್‌ನ 17ರಲ್ಲಿ 10 ಸ್ಥಾನ ಗೆದ್ದರು, 2015ರಲ್ಲಿ ಹದಿನೇಳನ್ನೂ ಗೆದ್ದರು. ಅವರಲ್ಲೊಬ್ಬರಾದ ಪೀಟರ್ ಮ್ಯಾಕ್‌ಫ್ಯಾಡಿಯನ್ ಆ ಅನುಭವವನ್ನು 2014ರಲ್ಲಿ ಪುಸ್ತಕ ಮಾಡಿದರು, ಬೇರೆ ಊರಿನವರು ಅದನ್ನು ಓದಿ ತಾವೂ ಪ್ರಯತ್ನಿಸಿದರು. ಮನೆಯಲ್ಲಿ ಮಿಕ್ಕ ಆಹಾರವನ್ನು ಯಾರಾದರೂ ತಂದಿಡಬಹುದಾದ, ಯಾರಾದರೂ ಒಯ್ಯಬಹುದಾದ ಬ್ರಿಟನ್ನಿನ ಮೊದಲ ಸಮುದಾಯ ಫ್ರಿಜ್ಜು 2016ರಲ್ಲಿ ಶುರುವಾದದ್ದು ಇದೇ ಊರಿನಲ್ಲಿ. ನನಗೆ ಇದು ತುಂಬ ಹಿಡಿಸಿದ ಕಥೆ. ಆದರೆ ಪಟ್ಟಣ ಕೌನ್ಸಿಲ್ ಕೆಳಗಿನ ಮೆಟ್ಟಿಲು; ಹೆದ್ದಾರಿ, ಆರೈಕೆ, ಶಾಲೆಗಳು ಮೇಲಿನವರ ಕೈಯಲ್ಲಿವೆ. ಅಲ್ಲದೆ ಹದಿನೇಳಕ್ಕೆ ಹದಿನೇಳು ಎಂಬುದರಲ್ಲೂ ಅದೇ ಹಳೆಯ ಲೆಕ್ಕ ಕೆಲಸ ಮಾಡಿದೆ.

ಲೆಕ್ಕವನ್ನೇ ಬದಲಿಸಿದ್ದು ಸ್ಕಾಟ್ಲೆಂಡ್. ಅಲ್ಲಿ 2007ರಿಂದ ಕೌನ್ಸಿಲ್ ಚುನಾವಣೆಗೆ ಪ್ರಾಶಸ್ತ್ಯದ ಮತ ಬಂದಿದೆ. ಉತ್ತರ ಐರ್ಲೆಂಡಿನಲ್ಲಂತೂ 1973ರಿಂದ ಇದೆ. ನಮ್ಮ ವಿಧಾನ ಪರಿಷತ್ತಿನ ಪದವೀಧರರ ಕ್ಷೇತ್ರದಲ್ಲಿ ಮತ ಹಾಕಿದವರಿಗೆ ಇದು ಹೊಸದಲ್ಲ: ಗುರುತಿನ ಬದಲು 1, 2, 3 ಎಂದು ಅಂಕಿ ಬರೆಯುವುದು. ಸ್ಕಾಟ್ಲೆಂಡಿನ ವಾರ್ಡಿನಲ್ಲಿ ಸಾಮಾನ್ಯವಾಗಿ ಮೂರೋ ನಾಲ್ಕೋ ಸ್ಥಾನಗಳು. ಮೂರು ಸ್ಥಾನಕ್ಕೆ 4,000 ಸಿಂಧು ಮತ ಬಿದ್ದರೆ, ಅದನ್ನು ನಾಲ್ಕರಿಂದ ಭಾಗಿಸಿ ಒಂದು ಕೂಡಿಸಿ, 1,001. ಅಷ್ಟು ಪಡೆದವರು ಗೆದ್ದಂತೆ. ಗೆದ್ದವರ ಹೆಚ್ಚುವರಿ ಮತವೂ ಕೊನೆಯ ಸ್ಥಾನಕ್ಕಿಳಿದು ಹೊರಬಿದ್ದವರ ಮತವೂ ಮುಂದಿನ ಅಂಕಿಯ ಹೆಸರಿಗೆ ಹೋಗುತ್ತವೆ. ಮೆಚ್ಚಿದವರಿಗೆ 1 ಬರೆದು, ಗೆಲ್ಲಬಲ್ಲವರಿಗೆ 2 ಬರೆದರೆ ಮತ ವ್ಯರ್ಥವಾದೀತೆಂಬ ಅಂಜಿಕೆ ಬಹಳಮಟ್ಟಿಗೆ ತಪ್ಪುತ್ತದೆ. ಕರಪತ್ರದ ಆ ಕಂಬಗಳಿಗೆ ಹಿಂದಿನ ಬಲ ಉಳಿಯುವುದಿಲ್ಲ.

2003ರಲ್ಲಿ ಗ್ಲಾಸ್ಗೋದಲ್ಲಿ ಅರ್ಧಕ್ಕಿಂತ ಕಡಿಮೆ ಮತ ಪಡೆದ ಲೇಬರ್ 79ರಲ್ಲಿ 71 ಸ್ಥಾನ ಹಿಡಿದಿತ್ತು. 2007ರಲ್ಲಿ ಅದು 45ಕ್ಕೆ ಇಳಿದು, ಎದುರಿಗೆ ನಿಜವಾದ ವಿರೋಧ ಪಕ್ಷ ಬಂದು ಕೂತಿತು. ಅದಕ್ಕಿಂತ ನನಗೆ ಮುಖ್ಯವಾಗಿ ಕಾಣುವುದು ಇನ್ನೊಂದು ಸಂಖ್ಯೆ. 2003ರಲ್ಲಿ ಸ್ಕಾಟ್ಲೆಂಡಿನ 61 ವಾರ್ಡುಗಳಲ್ಲಿ ಅವಿರೋಧ ಆಯ್ಕೆ ಆಗಿತ್ತು. 2007ರಲ್ಲಿ ಒಂದರಲ್ಲೂ ಆಗಲಿಲ್ಲ. ಆಮೇಲೂ ದೂರದ ಕೆಲವೇ ವಾರ್ಡುಗಳಲ್ಲಿ ಆಗಿದೆ. ಗೆಲ್ಲುವ ಸಾಧ್ಯತೆ ಕಂಡರೆ ಜನ ನಿಲ್ಲುತ್ತಾರೆ. ಕುಂದುಗಳಿಲ್ಲ ಎಂದಲ್ಲ. ವಾರ್ಡುಗಳು ದೊಡ್ಡದಾದವು. ಚೀಟಿಯಲ್ಲಿ ಹೆಸರುಗಳು ಅಕ್ಷರಾನುಕ್ರಮದಲ್ಲಿ ಇರುವುದರಿಂದ ಒಂದೇ ಪಕ್ಷದ ಇಬ್ಬರು ನಿಂತರೆ ಮೇಲಿನ ಹೆಸರಿನವರಿಗೆ ಅನುಕೂಲ.

ವೇಲ್ಸ್ ಕೂಡ 2021ರಲ್ಲಿ ಒಂದು ಕಾನೂನು ಮಾಡಿ, ಬೇಕಾದ ಕೌನ್ಸಿಲ್ ಈ ಪದ್ಧತಿಗೆ ಬದಲಾಗಬಹುದು ಎಂದಿತು. ಆದರೆ ತೀರ್ಮಾನವನ್ನು ಬಿಟ್ಟದ್ದು ಆಯಾ ಕೌನ್ಸಿಲ್‌ನ ಸದಸ್ಯರಿಗೇ, ಅದೂ ಒಟ್ಟು ಸದಸ್ಯರಲ್ಲಿ ಮೂರನೇ ಎರಡರಷ್ಟು ಜನ ಒಪ್ಪಬೇಕೆಂಬ ಷರತ್ತಿನೊಂದಿಗೆ. 69 ಸ್ಥಾನಗಳ ಗ್ವಿನೆಡ್‌ನಲ್ಲಿ ಅದಕ್ಕೆ 46 ಕೈಗಳು ಮೇಲೇಳಬೇಕು. 2022ರಲ್ಲಿ ಆ ಸಭೆಗೆ ಬಂದವರಲ್ಲಿ 28 ಜನರ ಹೆಸರಿನ ಮುಂದೆ ಯಾವ ಮತದಾರನೂ ಗುರುತು ಹಾಕಿರಲಿಲ್ಲ.